ಫೋಟೋಕ್ಕೆ ಹೋದ ಹಸಿರವ್ವ

ಜುಲೈ 4, ಗುರುವಾರ

ಡಾಕ್ಟರರು ಎರಡು ಬಿಡಲು ಹೇಳಿದ್ದಾರೆ. ಉಪ್ಪಿನಕಾಯಿ ಮತ್ತು ಸಿಟ್ಟು. ಉಪ್ಪಿನಕಾಯಿ ಬಿಟ್ಟೇನು. ಸಿಟ್ಟು ಬಿಟ್ಟರೆ ಧಂದೆ ಯಾರು ನಡೆಸಬೇಕು? ಕೇಳಿದೆ. "ಹಂಗಾದ್ರ ಬರದಿಡ್ರಿ, ಯಾರ ಮ್ಯಾಲೂ ಒದರಬ್ಯಾಡ್ರಿ" ಅಂದರು. ಹಾಳೆಯ ಮೇಲೆ ಒದರಿದರೆ ಬಿಪಿ ಏರುವುದಿಲ್ಲವಂತೆ. ಹೊಸ ವರ್ಷಕ್ಕೆ ಗಿರಾಕಿಗಳಿಗೆ ಹಂಚಲೆಂದು ನಾವೇ ಛಾಪಿಸಿದ ಡೈರಿಗಳು ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವು. ಒಂದನ್ನು ಒರೆಸಿಕೊಂಡು ಕೂತಿದ್ದೇನೆ. ಮೊದಲ ಪುಟಗಳು ಖಾಲಿ ಹೋದವಲ್ಲ ಎಂಬುದೇ ಒಂದು ಸಂಕಟ.

ಇವತ್ತಿನ ಸಿಟ್ಟು ಗಬ್ಬೂರಿನದು. ಗೋಕುಲ ರಸ್ತೆಯ ಅಂಗಡಿಯಲ್ಲಿ ಫ್ಲೆಕ್ಸ್ ರೋಲು ಇಡಲು ಜಾಗ ಸಾಲದೆ, ಬೈಪಾಸು ಹತ್ತಿರ ಎಂದು ಅಲ್ಲಿ ಗೋದಾಮು ಕಟ್ಟಿಸಿದೆ. ಕೋರ್ಟಿನ ಎದುರು ಒಂದು ಝೆರಾಕ್ಸ್ ಮಷೀನು ಇಟ್ಟುಕೊಂಡು ಶುರು ಮಾಡಿದವಳು ನಾನು. ಬ್ಯಾಂಕಿನವರನ್ನು ದಾಟಿದೆ, ಭಾವಂದಿರನ್ನು ದಾಟಿದೆ, ನನ್ನದೇ ಗೇಟಿನ ಮುಂದಿನ ಒಂದು ಕಲ್ಲಿನ ಕಟ್ಟೆ ದಾಟಲಾಗುತ್ತಿಲ್ಲ. ಮೊಣಕಾಲೆತ್ತರದ ಖಾಲಿ ಪೀಠ. ಮೂಲೆಗೊಂದು ಸಿಂಹ, ಅದರಲ್ಲೂ ಒಂದಕ್ಕೆ ಮುಖವಿಲ್ಲ. ಮೇಲೆ ಮೂರ್ತಿಯಿಲ್ಲ, ಗುಡಿಯಿಲ್ಲ, ಗಂಟೆಯೂ ಇಲ್ಲ. ಅದರ ದೆಸೆಯಿಂದ ಲಾರಿ ತಿರುಗುವುದಿಲ್ಲ. ಇವತ್ತು ಡ್ರೈವರ್ ಹಿಂದೆ ತೆಗೆಯುವಾಗ ಬಂಪರು ಆ ಮುಖಗೇಡಿ ಸಿಂಹಕ್ಕೆ ಮತ್ತೆ ತಾಗಿತು.

ತಾಗಿದ್ದೇ ತಡ, ಪಕ್ಕದ ಮನೆಯ ಮುದುಕಿ ಹೊರಗೆ ಬಂದಳು. ಹುಸೇನಬಿ. ಬಳೆಗಾರರ ಮನೆತನ. ಆ ಕಟ್ಟೆಯ ಕಸ ಗುಡಿಸುವವಳೂ ಅವಳೇ, ಎಣ್ಣೆ ಹಾಕುವವಳೂ ಅವಳೇ.

"ಕಣ್ಣ ಕಾಣೂದಿಲ್ಲೇನು? ಹಸಿರವ್ವನ ಸಿಂಹಕ್ಕ ಗುದ್ದಿದ್ರಲ್ಲ!"

"ಎಲ್ಲೈತಿ ಕಾಕಿ ನಿಮ್ಮ ಹಸಿರವ್ವ? ನನಗ ಖಾಲಿ ಕಲ್ಲ ಕಾಣತೈತಿ."

"ಫೋಟೋಕ್ಕ ಹೋಗ್ಯಾಳ. ಬರ್ತಾಳ."

"ಯಾವಾಗ ಹೋಗ್ಯಾಳ?"

"ನಮ್ಮಜ್ಜಿಯ ಅವ್ವ ಇದ್ದಾಗ."

"ಅದ್ಯಾವ ಸ್ಟುಡಿಯೋ ಕಾಕಿ? ನಾವು ಪಾಸ್‌ಪೋರ್ಟ್ ಫೋಟೋ ಹತ್ತ ನಿಮಿಷದಾಗ ಕೊಡತೇವಿ."

ಡ್ರೈವರ್ ನಕ್ಕ. ಮುದುಕಿ ನಗಲಿಲ್ಲ. ಕಟ್ಟೆಯ ಮೇಲೆ ಕೂತು ಪೂರ್ತಿ ಕತೆ ಹೇಳಿದಳು. ಬ್ರಿಟಿಷರ ಕಾಲದಲ್ಲಿ ಒಬ್ಬ ಸಾಹೇಬ ಕ್ಯಾಮೆರಾ ತಂದನಂತೆ. ಕೆತ್ತನೆ ಚೆನ್ನಾಗಿ ಕಾಣಬೇಕೆಂದು ದೇವಿಯ ಸೀರೆ ಬಿಚ್ಚಿಸಿದನಂತೆ, ಬಳೆ ತೆಗೆಸಿದನಂತೆ, ಎಣ್ಣೆ ಅರಿಷಿಣ ತಿಕ್ಕಿ ತೊಳೆಸಿದನಂತೆ. ಇಲ್ಲೊಂದು ಫೋಟೋ ತೆಗೆದು, ಬೆಳಕು ಚೆನ್ನಾಗಿರುವ ಕಡೆ ಇನ್ನೊಂದು ತೆಗೆದು ಕಳಿಸುತ್ತೇನೆ ಎಂದು ಗಾಡಿಗೆ ಹೇರಿಕೊಂಡು ಹೋದನಂತೆ. ಅಂದಿನಿಂದ ಶ್ರಾವಣದ ಮೂರನೇ ಶುಕ್ರವಾರ ಓಣಿಯ ಹೆಂಗಸರು ಖಾಲಿ ಪೀಠದ ಮೇಲೆ ಹಸಿರು ಬಳೆ ಇಡುತ್ತಾರೆ. ಬಂದಾಗ ಕೈ ಬರಿದಿರಬಾರದು ಎಂದು.

ಕತೆಗೆ ನನ್ನ ತಕರಾರಿಲ್ಲ. ಲಾರಿಗಿದೆ. ಕಟ್ಟೆ ತೆಗೆಸಿರೆಂದು ಹೋದ ತಿಂಗಳೇ ಪಾಲಿಕೆ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ನಾನೇ ಬರೆದದ್ದು, ವಕೀಲರಿಗೂ ಅಷ್ಟು ಚೆನ್ನಾಗಿ ಬರೆಯಲು ಬರುವುದಿಲ್ಲ: "ಮೂರ್ತಿಯಿಲ್ಲದ, ಯಾವ ಮಹತ್ವವೂ ಇಲ್ಲದ ಖಾಲಿ ಕಲ್ಲು, ಸಂಚಾರಕ್ಕೆ ಅಡ್ಡಿ."

ಬರೆದಾಯಿತು. ಬಿಪಿ ಇಳಿದ ಹಾಗೇನೂ ಅನ್ನಿಸುತ್ತಿಲ್ಲ.

ಜುಲೈ 9, ಮಂಗಳವಾರ

ಒಳ್ಳೆಯ ಕೆಲಸ ಬಂದಿದೆ. ಧಾರವಾಡದಲ್ಲಿ ಒಂದು ಟ್ರಸ್ಟಿನವರ ಶಿಲ್ಪ ಸಂಗ್ರಹಾಲಯವಿದೆ, ಅದರ ಮುಖ್ಯಸ್ಥರು ಬಂದಿದ್ದರು. ಹೆಸರು ಸೌರಭ. ಇಸ್ತ್ರಿ ಮುರಿಯದ ಜುಬ್ಬಾ, ಮಾತೂ ಹಾಗೆಯೇ. ಜೊತೆಗೆ ಮರದ ಪೆಟ್ಟಿಗೆಗಳಲ್ಲಿ ಹಳೆಯ ಗಾಜಿನ ನೆಗೆಟಿವ್‌ಗಳು. ಸಂಗ್ರಹಾಲಯ ಕಟ್ಟುವ ಕಾಲಕ್ಕೆ ಈ ಸೀಮೆಯ ಶಿಲ್ಪಗಳನ್ನೆಲ್ಲ ಗಾಜಿನ ಮೇಲೆ ಫೋಟೋ ತೆಗೆದಿದ್ದರಂತೆ. ಅವನ್ನು ಸ್ಕ್ಯಾನ್ ಮಾಡಿ ಆಳೆತ್ತರಕ್ಕೆ ಪ್ರಿಂಟ್ ಹಾಕಿಕೊಡಬೇಕು. ಆಗಸ್ಟ್ 25ಕ್ಕೆ ಹೊಸ ಗ್ಯಾಲರಿಯ ಉದ್ಘಾಟನೆ.

ನಮ್ಮ ಮಷೀನು ನಡೆಸುವ ರಜನಿ ಒಂದು ಗಾಜು ಎತ್ತಿ ನೋಡಿದಳು. ನಡುವೆ ಮೂರ್ತಿ, ಸುತ್ತಲೂ ದಪ್ಪ ಕೆಂಪುಮಸಿ.

"ಇದೇನ್ರಿ ಸರ್, ಸುತ್ತ ಬಣ್ಣಾ ಬಳದಾರ?"

"ಆಗಿನ ಪದ್ಧತಿ ಅದು," ಅಂದರು ಸೌರಭ. "ಮಸಿ ಬಳದಲ್ಲಿ ಬೆಳಕು ಹಾಯೂದಿಲ್ಲ. ಕಾಗದದ ಮ್ಯಾಲೆ ಅಲ್ಲಿ ಬರೇ ಬಿಳೀ ಬರ್ತದ. ಹಿಂದಿನ ಗೋಡಿ, ಗಿಡ, ಮಂದಿ, ಏನೂ ಬ್ಯಾಡ. ಶಿಲ್ಪ ಒಂದ ಕಾಣಬೇಕು."

ನನಗೆ ಖುಷಿಯಾಯಿತು. ಇದನ್ನೇ ಅಲ್ಲವೆ ನಾವು ದಿನಾ ಮಾಡುವುದು? ಆಧಾರಿಗೆ, ಪಾಸ್‌ಪೋರ್ಟಿಗೆ, ತೀರಿಹೋದವರ ಶ್ರದ್ಧಾಂಜಲಿ ಫ್ಲೆಕ್ಸಿಗೆ. ಮದುವೆ ಫೋಟೋದಿಂದ ಅಜ್ಜನನ್ನು ಕತ್ತರಿಸಿ ಮೋಡದ ಮೇಲೆ ಕೂಡಿಸುತ್ತೇವೆ. ಈ ಮಸಿ ಬಳಿದವನೂ ನಮ್ಮ ಜಾತಿಯವನೇ. ಕೈ ಚೆನ್ನಾಗಿತ್ತು ಅವನದು. ಮೂರ್ತಿಯ ಬೆರಳ ಸಂದಿಯಲ್ಲೂ ಕುಂಚ ಆಡಿಸಿದ್ದಾನೆ.

ಇವತ್ತು ಸಿಟ್ಟಿಲ್ಲ. ಬರೆಯಲು ಏನೂ ಇಲ್ಲ.

ಜುಲೈ 16, ಮಂಗಳವಾರ

ಸೌರಭರ ಫೋನು. ಗಾಜು ಮುಟ್ಟುವಾಗ ಕೈಗವಸು ಹಾಕಿದಿರಾ. ಮತ್ತೆ ಫೋನು. ಫ್ಯಾನು ಬಂದ್ ಮಾಡಿದಿರಾ. ಮತ್ತೆ ಫೋನು. ಚಹಾ ಆ ಕೋಣೆಯಲ್ಲಿ ಕುಡಿಯುತ್ತಿಲ್ಲ ತಾನೆ. ಫ್ಯಾನಿಲ್ಲದ ಕೋಣೆಯಲ್ಲಿ ಕೈಗವಸು ಹಾಕಿಕೊಂಡು ಚಹಾ ಬಿಟ್ಟು ಕೆಲಸ ಮಾಡುವುದು ಜೈಲಿನಲ್ಲೂ ಇರಲಿಕ್ಕಿಲ್ಲ. ರಜನಿ ಬೆವರು ಒರೆಸಿಕೊಳ್ಳುತ್ತ, "ಅಕ್ಕಾರ, ಈ ದೇವರಿಗಿಂತ ಪೂಜಾರಿ ಭಾರಿ ಅದಾನ್ರಿ" ಅಂದಳು.

ಜುಲೈ 24, ಬುಧವಾರ

ಇವತ್ತಿನದನ್ನು ಸಾವಕಾಶ ಬರೆಯಬೇಕು.

ಮಧ್ಯಾಹ್ನ ಕರೆಂಟು ಹೋಯಿತು. ರಜನಿಯ ಕೈಯಲ್ಲಿ ಒಂದು ದೇವಿಯ ಗಾಜಿತ್ತು. ಪೆಟ್ಟಿಗೆಯ ಚೀಟಿಯಲ್ಲಿ "ದೇವಿ, ಮೂಲ ಸ್ಥಳ ತಿಳಿದಿಲ್ಲ" ಎಂದಿತ್ತು. ಧೂಳಿದೆಯೇ ನೋಡೋಣ ಎಂದು ನಾನೇ ಅದನ್ನು ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದೆ. ಕೆಳಗಡೆ ಮಸಿ ಹಪ್ಪಳದಂತೆ ಎದ್ದು ಒಂದಿಷ್ಟು ಉದುರಿತ್ತು. ಆ ಸಂದಿನಲ್ಲಿ ಬೆಳಕು ಹಾಯಿತು. ಬಳೆ ಕಂಡವು.

ದೇವಿಯ ಕೈಯಲ್ಲಲ್ಲ. ಒಬ್ಬ ಹೆಂಗಸಿನ ಮಡಿಲಲ್ಲಿ.

ನೆಗೆಟಿವ್ ಆದ್ದರಿಂದ ಎಲ್ಲ ಉಲ್ಟಾ, ಕಪ್ಪು ಬೆಳ್ಳಗೆ, ಬಿಳಿ ಕಪ್ಪಗೆ. ಆದರೆ ಬಳೆ ಬಳೆಯೇ. ಕರೆಂಟು ಬಂದ ಮೇಲೆ ರಜನಿ ಬೆಳಕು ಜೋರು ಮಾಡಿ ಮತ್ತೊಮ್ಮೆ ಸ್ಕ್ಯಾನ್ ಮಾಡಿದಳು. ಮಸಿ ತೆಳ್ಳಗಿದ್ದ ಕಡೆಯೆಲ್ಲ ಒಂದೊಂದೇ ಮೇಲಕ್ಕೆ ಬಂತು. ಎರಡೂ ಬದಿಗೆ ಇಬ್ಬರು, ದೇವಿಯ ಹಿಂದೆ ಬಿಳಿ ಬಟ್ಟೆ ಎತ್ತಿ ಹಿಡಿದವರು. ಅವರ ಬೆರಳು ಮಾತ್ರ ಸ್ಪಷ್ಟ. ಆಚೆ ಒಂದು ಎತ್ತಿನ ಗಾಡಿ, ನೊಗ ಇಳಿಸಿದ್ದು. ಕೆಳಗೆ ಈ ಹೆಂಗಸು, ಮಡಿಲ ತುಂಬ ಬಳೆ, ಪಕ್ಕದಲ್ಲಿ ಮಡಚಿಟ್ಟ ಸೀರೆ. ಫೋಟೋ ಮುಗಿದ ತಕ್ಷಣ ಉಡಿಸಿ ತೊಡಿಸಬೇಕು ಎಂದು ಕಾಯುತ್ತ ಕೂತಿದ್ದಾಳೆ. ಅವಳ ಮೇಲೆ ಆ ಚೆಂದದ ಕೈಯವನು ಮಸಿ ಬಳಿದಿದ್ದಾನೆ.

ಅವಳು ಒರಗಿಕೊಂಡಿದ್ದ ಪೀಠ ನೋಡಿದೆ. ಮೂಲೆಯಲ್ಲಿ ಸಿಂಹ. ಮುಖವಿಲ್ಲ.

ಆ ಸಿಂಹವನ್ನು ನನ್ನಷ್ಟು ಬೈದವರು ಈ ಜಿಲ್ಲೆಯಲ್ಲಿ ಇಲ್ಲ. ಗುರುತು ತಪ್ಪುವುದೇ? ಒಂದು ಸಮಾಧಾನ, ಆಗಲೇ ಅದಕ್ಕೆ ಮುಖ ಇರಲಿಲ್ಲ. ನಮ್ಮ ಬಂಪರಿನ ತಪ್ಪಲ್ಲ.

"ಅಕ್ಕಾರ, ಇದು ಗಬ್ಬೂರ ಕಟ್ಟಿ ಅಲ್ಲೇನ್ರಿ?" ರಜನಿ ಕೇಳಿದಳು.

"ನಿನ್ನ ಕೆಲಸ ನೋಡು," ಅಂದೆ. ಅಂದಮೇಲೆ ಇಬ್ಬರೂ ಅದನ್ನೇ ನೋಡುತ್ತ ನಿಂತೆವು.

ಜುಲೈ 25, ಗುರುವಾರ

ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋದೆ. ಸಂಗ್ರಹಾಲಯದಲ್ಲಿ ಹಸಿರವ್ವನನ್ನು ಮೊದಲ ಸಲ ಕಣ್ಣಾರೆ ನೋಡಿದೆ. ದೊಡ್ಡ ಹಾಲ್, ಮೇಲಿಂದ ಒಂದು ದೀಪ, ಸಿಮೆಂಟಿನ ದಿಮ್ಮಿಯ ಮೇಲೆ ಆಕೆ. ಮೈ ಒಣಗಿದೆ. ಎಣ್ಣೆ ಕಂಡು ಎಷ್ಟು ಕಾಲವಾಯಿತೋ. ಕೈಗಳು ಬರಿದು. ನನಗೆ ದೇವರು ದಿಂಡರ ಹುಚ್ಚಿಲ್ಲ, ಆದರೆ ಮನೆಗೆ ಬಂದ ಮುತ್ತೈದೆಯನ್ನು ಯಾರಾದರೂ ಹಾಗೆ ನಿಲ್ಲಿಸುತ್ತಾರೆಯೇ?

ಸ್ಕ್ಯಾನು ತೋರಿಸಿದೆ. ಸೌರಭರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು. ಮುಖದಲ್ಲಿ ನಿಜವಾದ ಆಸೆ ಮಿಂಚಿತು, ಸುಳ್ಳು ಹೇಳಬಾರದು. ಆಮೇಲೆ ಆ ಆಸೆಯನ್ನು ಮಡಚಿ ಜುಬ್ಬಾದ ಕಿಸೆಗೆ ಹಾಕಿದ ಹಾಗೆ ಮಾಡಿದರು.

"ಭಾಳ ಕುತೂಹಲಕರ ಅದ. ಆದ್ರ ಮೇಡಂ, ನಮಗ ಬೇಕಾಗಿದ್ದು ಯಥಾವತ್ ಪ್ರಿಂಟು. ಮಸಿನೂ ಇತಿಹಾಸದ ಭಾಗನ ನೋಡ್ರಿ."

"ಹೌದ್ರಿ ಸರ್. ಮಸಿ ಇತಿಹಾಸ, ಮಸಿ ಕೆಳಗ ಕುಂತಾಕಿ ಏನ್ರಿ?"

"ಹಂಗಲ್ಲ. ಇವತ್ತ ಒಂದು ಊರಿನವರು ಬರ್ತಾರ, ನಾಳೆ ಇನ್ನೊಂದು ಊರಿನವರು ಬರ್ತಾರ. ಒಂದೊಂದ ಕೊಟ್ಕೋತ ಹೋದ್ರ ಸಂಗ್ರಹಾಲಯದಾಗ ಏನ ಉಳೀತದ? ನಾವೂ ಕಾಪಾಡೇವಿ ಅಲ್ರಿ? ಬಯಲಾಗ ಇದ್ದಿದ್ರ ಇಷ್ಟೊತ್ತಿಗೆ ಯಾವನರ ಕದ್ದು ಮಾರಿರ್ತಿದ್ದ."

ಮಾತಿನಲ್ಲಿ ತೂಕವಿತ್ತು. ಅದಕ್ಕೇ ಸಿಟ್ಟು ಬಂತು. ಪೀಠ ಅಲ್ಲೇ ಇದೆ, ಅಳತೆ ಮಾಡಿ ಬನ್ನಿ ಎಂದೆ. ಆಗ ಅವರು ಕಪಾಟಿನಿಂದ ಒಂದು ಫೈಲು ತೆಗೆದರು.

"ಆ ಪೀಠದ್ದ ನಮ್ಮ ಅಭಿಪ್ರಾಯ ಕೇಳಿ ಪಾಲಿಕೆ ಕಚೇರಿಯಿಂದ ಪತ್ರ ಬಂದಿತ್ತು. ಹೋದ ವಾರ ಉತ್ತರ ಕಳಿಸೀವಿ, ನಮ್ಮ ಆಕ್ಷೇಪಣಿ ಇಲ್ಲಂತ."

"ನೋಡದನ?"

"ಅರ್ಜಿದಾರರು ಅಷ್ಟು ಸ್ಪಷ್ಟ ಬರದಿದ್ರು. ಅದನ್ನ ನಾವೂ ಬರದ್ವಿ." ಓದಿದರು. "ಮೂರ್ತಿಯಿಲ್ಲದ, ಯಾವ ಮಹತ್ವವೂ ಇಲ್ಲದ ಖಾಲಿ ಕಲ್ಲು."

ಓದಿ, ಅರ್ಜಿಯ ಕೆಳಗಿನ ಸಹಿ ನೋಡಿ, ನನ್ನ ಮುಖ ನೋಡಿದರು. "ಇದು ನೀವ ಅಲ್ರಿ?"

ಬಸ್ಸಿನಲ್ಲಿ ಬರುವಾಗ ಕಿಟಕಿ ಪಕ್ಕ ಕೂತ ಹುಡುಗಿಯ ಮೇಲೆ ರೇಗಿದೆ. ಆಕೆ ಏನೂ ಮಾಡಿರಲಿಲ್ಲ.

ಆಗಸ್ಟ್ 2, ಶುಕ್ರವಾರ

ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ ಎಂದು ಕಚೇರಿಗೆ ಹೋದೆ. ನನ್ನ ಗೇಟಿನ ಜಾಗ ಬದಲಿಸುವ ವಿಚಾರವಿದೆ, ಅದಕ್ಕೆ, ಬೇರೆ ಕಾರಣವಿಲ್ಲ.

"ಅರ್ಜಿ ಮ್ಯಾಲ ಹೋಗೇತಿ ಅಕ್ಕಾರ. ಆದೇಶ ಆಗೇತಿ," ಅಂದರು ಗುಮಾಸ್ತರು.

"ಕೆಳಗ ತರ್ರಿ."

"ಮ್ಯಾಲ ಹೋದದ್ದು ಕೆಳಗ ಬರೂದಿಲ್ರಿ. ಇಪ್ಪತ್ತಕ್ಕ ಜೆಸಿಬಿ ಬರತೈತಿ. ನಿಮಗ ಖುಷಿ ಆಗಬೇಕಿತ್ತಲ್ರಿ?"

ನಾಲ್ಕು ವರ್ಷದ ಹಿಂದೆ ನಮ್ಮ ಅಂಗಡಿಯ ಬೋರ್ಡಿನ ಪರವಾನಗಿಗೆ ಇವರೇ ಎಂಟು ತಿಂಗಳು ಅಲೆಸಿದ್ದರು. ಕೆಡವುವುದಕ್ಕೆ ಮಾತ್ರ ಎಂಥ ಚುರುಕು.

ಆಗಸ್ಟ್ 3, ಶನಿವಾರ

ಹೇಳದೆ ನಿರ್ವಾಹವಿರಲಿಲ್ಲ. ಹುಸೇನಬಿ ಕಾಕಿಯ ಮನೆಗೆ ಹೋದೆ. ಅರ್ಜಿಯ ವಿಷಯ ಹೇಳಿದೆ, ಜೆಸಿಬಿಯ ದಿನ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರೆ ತಿರುಗಿ ಬೈಯಲು ತಯಾರಾಗಿಯೂ ಹೋಗಿದ್ದೆ.

"ಗೊತ್ತೈತವಾ," ಅಂದರು. "ಓಣಿಗೆಲ್ಲಾ ಗೊತ್ತೈತಿ. ನಿನ್ನ ಲಾರಿ ತಿರಗೂದಿಲ್ಲ, ಖರೇನ."

ಕುಡಿಯಲು ಚಹಾ ಕೊಟ್ಟರು. ಕುಡಿದು ಬಂದೆ. ಫೋಟೋದ ಮಾತು ಬಾಯಿಗೆ ಬಂತು, ತೋರಿಸಲು ಸ್ಕ್ಯಾನಿನ ಪ್ರತಿ ಜೊತೆಗೆ ಒಯ್ದಿರಲಿಲ್ಲ. ಬರಿಗೈಯಲ್ಲಿ ಅಂಥ ಮಾತು ಆಡಬಾರದು. ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 13, ಮಂಗಳವಾರ

ಡಾಕ್ಟರರ ಹತ್ತಿರ ಹೋಗಿದ್ದೆ. ಬಿಪಿ ಇನ್ನೂ ಮೇಲೇ ಇದೆ. "ಬರೀತೀರಿಲ್ರಿ?" ಅಂದರು. "ಬರದದ್ದಕ್ಕ ಏರೇತಿ" ಅಂದೆ. ಮನೆಯವರು ಪಕ್ಕದಲ್ಲಿ ಕೂತು ಪೇಪರಿನ ಹಿಂದೆ ನಕ್ಕರು. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಇಂಜಿನ್ನುಗಳ ನಡುವೆ ಕಳೆದವರು. ಆವಿ ಎಲ್ಲಿಂದ ಹೋಗಬೇಕೋ ಅಲ್ಲಿಂದ ಹೋಗಲಿ ಎಂಬುದು ಅವರ ಸಿದ್ಧಾಂತ.

ಮನೆಗೆ ಬರುವಾಗ ಅವರೇ ಕೇಳಿದರು. "ನಿನಗ ಆ ಕಟ್ಟಿ ಹೋಗಬೇಕಿತ್ತು. ಹೊಂಟೈತಿ. ಮತ್ತ ಯಾಕ ಒದ್ದಾಡತಿ?"

"ನನ್ನ ಮಾತ ನನಗ ತಿರಿಗಿ ಓದಿ ತೋರ್ಸಿದ ಅಂವ."

"ಅಷ್ಟನಾ?"

"ಅಷ್ಟ."

ಅವರು ಮುಂದೆ ಕೇಳಲಿಲ್ಲ. ಇಂಜಿನ್ನು ಅರ್ಥವಾಗುವವರಿಗೆ ಹೆಂಡತಿಯೂ ಸ್ವಲ್ಪ ಅರ್ಥವಾಗುತ್ತಾಳೆ. ಅದೇ ಒಂದು ಕಿರಿಕಿರಿ.

ಆಗಸ್ಟ್ 20, ಮಂಗಳವಾರ

ನನಗೆ ಬರುವ ಕೆಲಸ ಒಂದೇ. ಅದನ್ನೇ ಮಾಡಿದೆ. ಸಂಗ್ರಹಾಲಯದ ಪ್ರಿಂಟುಗಳನ್ನೆಲ್ಲ ಅವರು ಹೇಳಿದ ಹಾಗೇ ಬಿಳಿ ಹಿನ್ನೆಲೆ ಇಟ್ಟು ನಿನ್ನೆಯೇ ಕಳಿಸಿಕೊಟ್ಟೆ. ಆಮೇಲೆ ಮಸಿಯ ಕೆಳಗಿನ ಚಿತ್ರವನ್ನು ರಜನಿ ಮತ್ತು ನಾನು ಗೋಡೆಯಷ್ಟು ಫ್ಲೆಕ್ಸ್ ಹೊಡೆದೆವು. ಬೆಳಿಗ್ಗೆ ಬೇಗ ಹೋಗಿ ಪೀಠದ ಹಿಂದೆ, ನಮ್ಮ ಗೋದಾಮಿನ ಗೋಡೆಗೇ ಕಟ್ಟಿಸಿದೆ. ಫೋಟೋದ ಪೀಠ ನಿಜವಾದ ಪೀಠದಷ್ಟೇ ಅಳತೆ. ಆ ಸಿಂಹದ ಹಿಂದೆ ಈ ಸಿಂಹ, ಮುಖವಿಲ್ಲದ್ದರ ಹಿಂದೆ ಮುಖವಿಲ್ಲದ್ದು. ಮೇಲೆ ದೇವಿ. ಕುರುಡನೂ ಕೈಯಾಡಿಸಿ ಹೇಳಬೇಕು.

ಓಣಿಯ ಹೆಂಗಸರು ಬಂದು ನಿಂತರು. ಹುಸೇನಬಿ ಕಾಕಿ ಬಾಗಿಲಲ್ಲೇ ನಿಂತು ನೋಡಿದರು.

ಜೆಸಿಬಿ ಬಂತು. ನಾನು ನಮ್ಮ ಲಾರಿಯನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಜೆಸಿಬಿಯ ಡ್ರೈವರ್ ಮೌಲಾಲಿ ಪರಿಚಯದವನೇ. ಗೋದಾಮಿನ ಪಾಯ ತೋಡಿದವನು.

"ಅಕ್ಕಾರ, ಲಾರಿ ತಗೀರಿ."

"ತಿರಗೂದಿಲ್ಲೋ. ಕಟ್ಟಿ ಅಡ್ಡ ಐತಿ."

"ಅದಕ್ಕ ಬಂದೇನಲ್ರಿ! ಅರ್ಜಿ ನಿಮ್ಮದ ಐತಿ."

"ಅರ್ಜಿ ನಂದು, ಲಾರಿನೂ ನಂದು. ಅರ್ಜಿಗಿಂತ ಲಾರಿ ತೂಕ ಜಾಸ್ತಿ."

ಹೆಂಗಸರು ನಕ್ಕರು. ಮೌಲಾಲಿ ಇಂಜಿನ್ನು ಬಂದ್ ಮಾಡಿ ಬೀಡಿ ಹಚ್ಚಿದ. ಜೊತೆಗೆ ಬಂದ ಪಾಲಿಕೆ ಸಾಹೇಬರು ನಗಲಿಲ್ಲ. ಸರಕಾರಿ ಕೆಲಸಕ್ಕೆ ಅಡ್ಡಿ, ಕೇಸು, ಪೊಲೀಸು ಎಂದೆಲ್ಲ ಅಂದರು. ಎಲ್ಲ ಕೇಳಿಕೊಂಡು ಅವರನ್ನು ಫ್ಲೆಕ್ಸಿನ ಮುಂದೆ ನಿಲ್ಲಿಸಿದೆ.

"ನನ್ನ ಅರ್ಜಿಯೊಳಗ ಒಂದು ಮಾತು ಸುಳ್ಳೈತ್ರಿ. ಮೂರ್ತಿ ಇಲ್ಲಂತ ಬರದೇನಿ. ಮೂರ್ತಿ ಐತಿ. ಧಾರವಾಡದಾಗ ಐತಿ. ನೋಡ್ರಿ, ಇಲ್ಲಿಂದನ ಒಯ್ದಾರ. ಹೊಲಾ ಬಿಟ್ಟು ಊರಿಗೆ ಹೋದವನ ಹೊಲಾ ವಾರಸಿಲ್ಲದ್ದು ಆಗತೈತೇನ್ರಿ?"

ಅವರು ಪೀಠ ನೋಡಿದರು, ಫ್ಲೆಕ್ಸ್ ನೋಡಿದರು, ಬಗ್ಗಿ ಸಿಂಹ ನೋಡಿದರು. ಮೊಬೈಲಿನಲ್ಲಿ ಎರಡನ್ನೂ ಸೇರಿಸಿ ಫೋಟೋ ತೆಗೆದುಕೊಂಡು, ಮೇಲಿನವರನ್ನು ಕೇಳುವವರೆಗೆ ತಡೆಯಿರಲಿ ಎಂದು ಹೋದರು. ಮೇಲೆ ಹೋದದ್ದು ಕೆಳಗೆ ಬರುವುದಿಲ್ಲ ಎಂದು ಇವರ ಕಚೇರಿಯವರೇ ಹೇಳಿದ್ದಾರೆ. ಈ ಸಲ ಅದು ಒಳ್ಳೆಯದೇ.

ಆಗಸ್ಟ್ 23, ಶುಕ್ರವಾರ

ಶ್ರಾವಣದ ಮೂರನೇ ಶುಕ್ರವಾರ. ನಾನೂ ಹಸಿರು ಬಳೆ ಒಯ್ದಿದ್ದೆ. ಎಲ್ಲರೂ ಒಯ್ಯುವಾಗ ಒಬ್ಬಳೇ ಖಾಲಿ ಕೈಯಲ್ಲಿ ಹೋಗುವುದು ಸರಿ ಕಾಣುವುದಿಲ್ಲ.

ಹುಸೇನಬಿ ಕಾಕಿ ಇವತ್ತು ಫ್ಲೆಕ್ಸಿನ ಹತ್ತಿರ ಬಂದು, ಮಡಿಲಲ್ಲಿ ಬಳೆ ಇಟ್ಟುಕೊಂಡು ಕೂತವಳ ಎದುರು ನಿಂತರು.

"ಇವರು ನಿಮ್ಮ ಅಜ್ಜಿಯ ಅವ್ವನ ಏನ್ರಿ ಕಾಕಿ?"

"ಮಾರಿ ನಾ ಹೆಂಗ ಹೇಳ್ಲಿ? ನಾ ಹುಟ್ಟೂಕಿಂತ ಮೊದಲ ಹೋಗ್ಯಾಳ. ಆದ್ರ ಕುಂತದ್ದು ನೋಡು. ಒಂದ ಕಾಲ ಮಡಚಿ, ಒಂದ ಮೊಣಕಾಲ ಎತ್ತಿ. ಗಿರಾಕಿ ಕೈ ಆ ಮೊಣಕಾಲ ಮ್ಯಾಲ ಇಟಗೊಂಡು ಬಳಿ ಏರಿಸ್ತೇವಿ ನಾವು. ಬಳಿಗಾರ್ತಿ ಬಿಟ್ಟು ಮತ್ಯಾರೂ ಹಂಗ ಕುಂದ್ರೂದಿಲ್ಲ."

ಸೆರಗಿನಿಂದ ಆ ಫ್ಲೆಕ್ಸಿನ ಮೊಣಕಾಲನ್ನು ಒರೆಸಿದರು. ಧೂಳೇನೂ ಇರಲಿಲ್ಲ, ಹೊಸ ಪ್ರಿಂಟು.

ಒಬ್ಬಾಕೆ ಫ್ಲೆಕ್ಸಿನ ಮುಂದೆ ಬಳೆ ಇಡಲು ಹೋದಳು. ಕಾಕಿ ಕೈ ಹಿಡಿದರು.

"ಫೋಟೋಕ್ಕ ಯಾರರ ಬಳಿ ಇಡತಾರೇನಬೇ?" ಆಮೇಲೆ ನನ್ನ ಕಡೆ ತಿರುಗಿದರು. "ಬಸವ್ವಾ, ಛಲೋ ಬಂದೈತಿ ಫೋಟೋ. ತಗದದ್ದಾತಲ್ಲ. ಇನ್ನ ಆಕಿನ್ನ ಕಳಿಸ್ರಂತ ಹೇಳು."

ಇಷ್ಟು ನೇರವಾದ ಲೆಕ್ಕ ನನ್ನ ತಲೆಗೆ ಯಾಕೆ ಹೊಳೆಯಲಿಲ್ಲ? ಫೋಟೋಕ್ಕೆಂದು ಒಯ್ದರು. ಫೋಟೋ ಆಯಿತು. ಮುಂದೇನು?

ಯಾರೂ ಬಳೆ ಇಡಲಿಲ್ಲ ಈ ವರ್ಷ. ಎಲ್ಲವನ್ನೂ ಕಾಕಿಯ ಮಡಿಲಿಗೆ ಹಾಕಿದರು. ನನ್ನವನ್ನೂ.

ಆಗಸ್ಟ್ 25, ಭಾನುವಾರ

ಉದ್ಘಾಟನೆ. ಪ್ರಿಂಟಿಂಗಿನವರೆಂದು ನನಗೂ ಆಮಂತ್ರಣವಿತ್ತು, "ಕುಟುಂಬ ಸಮೇತ" ಎಂದು ಛಾಪಿಸಿದ್ದರು, ಛಾಪಿಸಿದವಳು ನಾನೇ. ಓಣಿಯ ಹೆಂಗಸರನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಹೋದೆ. ಬಾಗಿಲಲ್ಲಿ ಸೌರಭರು ನಮ್ಮನ್ನು ನೋಡಿ ಗಂಧದ ಬಟ್ಟಲು ಹಿಡಿದುಕೊಂಡೇ ನಿಂತುಬಿಟ್ಟರು.

"ಕುಟುಂಬರಿ," ಅಂದೆ.

ಗೋಡೆಯ ತುಂಬ ನನ್ನ ಪ್ರಿಂಟು. ಬಿಳಿಯ ನಡುವೆ ತೇಲುವ ದೇವರುಗಳು. ಒಬ್ಬರಿಗೂ ನೆಲವಿಲ್ಲ. ಜನ ಆಹಾ ಅಂದರು. ನನ್ನ ಕೆಲಸವನ್ನು ಹೊಗಳಿದಾಗ ನನಗೆ ಹೇಸಿಗೆಯಾದದ್ದು ಇದೇ ಮೊದಲು.

ಹುಸೇನಬಿ ಕಾಕಿ ಯಾವ ಚಿತ್ರವನ್ನೂ ನೋಡಲಿಲ್ಲ. ನೆಟ್ಟಗೆ ಹಸಿರವ್ವನ ಹತ್ತಿರ ಹೋದರು. ಒಂದಿಷ್ಟು ಹೊತ್ತು ನಿಂತರು. "ಏನ ಒಣಗೀಯಬೇ" ಎಂದದ್ದು ನನಗೆ ಕೇಳಿಸಿತು. ಆಮೇಲೆ ಸಿಮೆಂಟಿನ ದಿಮ್ಮಿಯ ಬುಡದಲ್ಲಿ ಕೂತರು. ಒಂದು ಕಾಲು ಮಡಚಿ, ಒಂದು ಮೊಣಕಾಲು ಎತ್ತಿ, ಮಡಿಲಲ್ಲಿ ಬಳೆ.

ಸೌರಭರು ಓಡಿ ಬಂದರು. "ಅಜ್ಜೀ, ಇಲ್ಲೆ ಕೂಡೋ ಹಂಗಿಲ್ರಿ. ಹೊರಗ ಖುರ್ಚಿ ಅವ."

"ಫೋಟೋ ಆತಂತಲ್ಲಪಾ," ಅಂದರು ಕಾಕಿ. "ಕರಕೊಂಡ ಹೋಗಾಕ ಬಂದೇನಿ."

ಆಗ ಒಂದು ಸಂಗತಿ ನಡೆಯಿತು. ರೇಷ್ಮೆ ಸೀರೆಯ ಒಬ್ಬರು ದೇವಿಯ ಫೋಟೋ ತೆಗೆಯಲು ಮೊಬೈಲು ಎತ್ತಿದರು. ಎಡಕ್ಕೆ ಸರಿದರು, ಬಲಕ್ಕೆ ಸರಿದರು. ಕೊನೆಗೆ, "ಅಜ್ಜೀ, ಸ್ವಲ್ಪ ಆಚೆ ಸರಕೋತೀರೇನ್ರಿ? ಫೋಟೋದಾಗ ಬರ್ಲಿಕ್ಕೆ ಹತ್ತೀರಿ" ಅಂದರು.

ನನಗೆ ಕಿವಿಯಲ್ಲಿ ಗುಂಯ್ ಅಂದಿತು. ಬಾಯಿ ತೆರೆದರೆ ಆ ಹಾಲಿನ ಗಾಜೆಲ್ಲ ಒಡೆಯುವಂತೆ ಒದರುತ್ತಿದ್ದೆ. ಒದರಲಿಲ್ಲ. ಹೋಗಿ ಕಾಕಿಯ ಪಕ್ಕ ನೆಲದ ಮೇಲೆ ಕೂತೆ. ಬೆಳಿಗ್ಗೆಯಿಂದ ನಿಂತು ಮೊಣಕಾಲು ನೋಯುತ್ತಿತ್ತು, ಅದಕ್ಕೆ. ನಾನು ಕೂತದ್ದನ್ನು ನೋಡಿ ಉಳಿದವರೂ ಬಂದು ಕೂತರು. ಆಮೇಲೆ ಯಾರು ಯಾವ ಕಡೆಯಿಂದ ಮೊಬೈಲು ಹಿಡಿದರೂ ನಾವು ಇದ್ದೆವು.

ಸೌರಭರು ಸಂಜೆಯವರೆಗೆ ನಮ್ಮನ್ನು ಎಬ್ಬಿಸಲಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಕಾಕಿಗೆ ಕೈ ಕೊಟ್ಟು ಎಬ್ಬಿಸಿದವರೂ ಅವರೇ. "ನಾಳೆ ಸೋ‌ಮವಾರ ರಜಾ ಅದ," ಅಂದರು, ಬೇರೆಲ್ಲೋ ನೋಡುತ್ತ. "ಮಂಗಳವಾರ ಹತ್ತಕ್ಕ ತಗೀತೀವಿ."

ಆಗಸ್ಟ್ 30, ಶುಕ್ರವಾರ

ಸರದಿ ಹಾಕಿಕೊಂಡಿದ್ದಾರೆ. ದಿನಕ್ಕಿಬ್ಬರು. ಕಾಕಿಗೆ ಮಾತ್ರ ಸರದಿ ಇಲ್ಲ, ದಿನಾ ಹೋಗುತ್ತಾರೆ. ಇವತ್ತು ನಾನು ಹೋಗಿದ್ದೆ. ಸಂಗ್ರಹಾಲಯದ ಕಾವಲುಗಾರನೇ ಚಾಪೆ ತಂದು ಹಾಸಿದ.

ಗೋದಾಮಿನ ದಕ್ಷಿಣದ ಗೋಡೆ ಒಡೆಸಿ ಗೇಟು ಆ ಕಡೆ ಇಡಲು ಗೌಂಡಿಗೆ ಹೇಳಿದೆ. ಲಾರಿ ಅಲ್ಲಿ ಚೆನ್ನಾಗಿ ತಿರುಗುತ್ತದೆ. ಇಷ್ಟು ದಿನ ಅದು ಯಾಕೆ ಕಾಣಲಿಲ್ಲವೋ.

ಸೆಪ್ಟೆಂಬರ್ 3, ಮಂಗಳವಾರ

ಸೌರಭರು ಅಂಗಡಿಗೆ ಬಂದಿದ್ದರು. ಜುಬ್ಬಾದ ಮೊಣಕಾಲಿನ ಹತ್ತಿರ ಮಣ್ಣು. ನೋಡಿದ ಕೂಡಲೇ ಗೊತ್ತಾಯಿತು. ಆ ಕೆಂಪು ಮಣ್ಣು ನಮ್ಮ ಗೋದಾಮಿನ ಮುಂದಿನದು.

"ಗಬ್ಬೂರಿಗೆ ಹೋಗಿದ್ದೆ," ಅಂದರು. "ಅಳತಿ ತಗೊಂಡೆ. ಪೀಠದ ಕುಣಿ, ಮೂರ್ತಿ ಬುಡ, ಎರಡೂ ಕೂಡತಾವ."

"ಮತ್ತ?"

"ಮತ್ತ ನನ್ನ ಕೈಯಾಗ ಇಲ್ರಿ. ಟ್ರಸ್ಟದವರು ಕೂಡಬೇಕು, ಸರಕಾರ ಹೂಂ ಅನ್ನಬೇಕು. ವರ್ಷಾನುಗಟ್ಟಲೆ ಆಗಬಹುದು. ಕಚೇರಿಗೆ ಮಾತ್ರ ಬರದು ಕಳಿಸೀನಿ, ಪೀಠ ಮುಟ್ಟಬ್ಯಾಡ್ರಿ ಅಂತ." ಮೊಣಕಾಲಿನ ಮಣ್ಣು ಕೊಡವಿಕೊಂಡು ಅಂದರು: "ಸದ್ಯಕ್ಕ ಒಂದು ಸಣ್ಣ ಕೆಲಸ ಇತ್ತು. ಆ ಮೂರ್ತಿದ್ದ ಲೇಬಲ್ಲು ಬದಲೀ ಮಾಡಬೇಕು. ಮೂಲ ಸ್ಥಳ ಗಬ್ಬೂರ ಅಂತ."

ರಜನಿಯನ್ನು ಏಳಿಸಿ ನಾನೇ ಮಷೀನಿನ ಮುಂದೆ ಕೂತೆ. ಅಂಗಡಿ ಇಟ್ಟಾಗಿನಿಂದ ಗಿರಾಕಿ ಕೊಟ್ಟ ಒಕ್ಕಣೆಗೆ ಒಂದು ಅಕ್ಷರ ಕೂಡಿಸಿದವಳಲ್ಲ, ಕಳೆದವಳಲ್ಲ. ಧಂದೆಯ ಧರ್ಮ ಅದು. ಇವತ್ತು ಕೂಡಿಸಿದೆ. ಪ್ರಿಂಟು ಬಿಸಿಯಿರುವಾಗಲೇ ಅವರ ಕೈಗೆ ಕೊಟ್ಟೆ.

"ಹಸಿರವ್ವ. ಊರು ಗಬ್ಬೂರ. ಫೋಟೋಕ್ಕೆಂದು ತಂದದ್ದು. ಫೋಟೋ ಆಗಿದೆ. ಮರಳಿ ಕಳಿಸುವುದು ಬಾಕಿ."

ಅವರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ಹರಿದು ಹಾಕುತ್ತಾರೆ ಎಂದು ಎರಡನೆಯ ಪ್ರತಿಗೆ ಬಟನ್ನಿನ ಮೇಲೆ ಬೆರಳಿಟ್ಟುಕೊಂಡೇ ಇದ್ದೆ.

"ಗೋಂದು ಅದ ಏನ್ರಿ?" ಅಂದರು. "ನಮ್ಮಲ್ಲಿದ್ದದ್ದು ಒಣಗೇದ."